ಮೂಗಿಗೆ ಉಪ್ಪುನೀರು ಬಂದ ಬಗೆ

ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ ಎಂದು ನಮ್ಮ ಹಿರಿಯರು ಗಾದೆ ಕಟ್ಟಿದರು. ಬುಗುಡಿಯ ವಿಚಾರ ಬಲ್ಲವರಿಗಿರಲಿ. ನೆಗಡಿಯ ವಿಷಯದಲ್ಲಿ ಮಾತ್ರ ನಾನು ಅನುಭವಸ್ಥ. ಮಲೆನಾಡಿನ ಹಳ್ಳಿ ಬಿಟ್ಟು ಬೆಂಗಳೂರಿಗೆ ಬಂದು ನೆಲೆಸಿದ ಮೇಲೆ ವರ್ಷದ ಆರು ತಿಂಗಳು ಕರವಸ್ತ್ರ ನನ್ನ ಕೈ ಬಿಟ್ಟದ್ದಿಲ್ಲ. ಹಣೆಯಲ್ಲಿ ಭಾರ, ಕೆನ್ನೆಯ ಮೂಳೆಯಲ್ಲಿ ನೋವು, ರಾತ್ರಿಯೆಲ್ಲ ಬಾಯಲ್ಲಿ ಉಸಿರು. ಕೊನೆಗೊಮ್ಮೆ ಮೂಗಿನ ವೈದ್ಯರ ಬಳಿಗೆ ಹೋದಾಗ ಅವರು, "ಇದು ಸೈನಸ್ ತೊಂದರೆ. ಔಷಧ ಕೊಡುತ್ತೇನೆ, ಜೊತೆಗೆ ದಿನವೂ ಉಪ್ಪುನೀರಿನಿಂದ ಮೂಗು ತೊಳೆದುಕೊಳ್ಳಿ" ಎಂದರು.

ನನಗೆ ನಗು ಬಂತು. ನಮ್ಮ ಅಜ್ಜ ಬೆಳಗಿನ ಜಾವ ಬಾವಿಕಟ್ಟೆಯ ಬಳಿ ಕುಳಿತು ಹಿತ್ತಾಳೆಯ ಗಿಂಡಿಯಿಂದ ಅಂಗೈಗೆ ನೀರು ಬಗ್ಗಿಸಿಕೊಂಡು ಮೂಗಿನಿಂದ ಎಳೆದು ಬಾಯಿಂದ ಉಗುಳುತ್ತಿದ್ದುದು ಕಣ್ಣಮುಂದೆ ನಿಂತಿತು. ಇದಕ್ಕೆ ಡಾಕ್ಟರರೇಕೆ ಬೇಕು ಎಂದುಕೊಂಡು ಮನೆಗೆ ಬಂದವನೇ ನಲ್ಲಿಯ ನೀರನ್ನು ಹಾಗೆಯೇ ಎಳೆದೆ. ನೆತ್ತಿಗೆ ಮೆಣಸಿನಪುಡಿ ಎರಚಿದಂತಾಯಿತು. ಕಣ್ಣಲ್ಲಿ ನೀರು ಧಾರಾಕಾರ. ಅಜ್ಜನಿಗೆ ಒಗ್ಗಿದ್ದು ನನಗೇಕೆ ಒಗ್ಗಲಿಲ್ಲ ಎಂದು ಪುಸ್ತಕಗಳನ್ನು ತೆರೆದಾಗ, ನಾನು ಒಂದೇ ಎಂದು ತಿಳಿದಿದ್ದ ಪದ್ಧತಿ ಹಲವು ಕೈಗಳಿಂದ ಬಂದು ಸೇರಿದ್ದೆಂದು ಗೊತ್ತಾಯಿತು.

ಈಗ ನಾವು ಜಲನೇತಿ ಎನ್ನುತ್ತೇವಷ್ಟೆ. 15ನೆಯ ಶತಮಾನದ್ದೆಂದು ವಿದ್ವಾಂಸರು ಹೇಳುವ, ಸ್ವಾತ್ಮಾರಾಮನ ಹಠಯೋಗ ಪ್ರದೀಪಿಕೆಯಲ್ಲಿ ಧೌತಿ, ಬಸ್ತಿ, ನೇತಿ, ತ್ರಾಟಕ, ನೌಲಿ, ಕಪಾಲಭಾತಿ ಎಂದು ಆರು ಶುದ್ಧಿಕ್ರಿಯೆಗಳಿವೆ. ಆದರೆ ಅಲ್ಲಿಯ ನೇತಿಯಲ್ಲಿ ನೀರೇ ಇಲ್ಲ! ಒಂದು ಗೇಣುದ್ದದ ನಯವಾದ ದಾರವನ್ನು ಮೂಗಿನಲ್ಲಿ ಸೇರಿಸಿ ಬಾಯಿಂದ ಹೊರಗೆಳೆಯುವುದೇ ಅಲ್ಲಿ ನೇತಿ. ಮುಂದೆ ಬಂದ ಘೇರಂಡ ಸಂಹಿತೆಯಲ್ಲಿಯೂ ನೇತಿ ಎಂದರೆ ದಾರವೇ. ಮೂಗಿನಿಂದ ನೀರೆಳೆದು ಬಾಯಿಂದ ಬಿಡುವ ಕ್ರಿಯೆ ಅಲ್ಲಿ ಉಂಟು. ಆದರೆ ಅದಕ್ಕೆ ವ್ಯುತ್ಕ್ರಮವೆಂದು ಹೆಸರು, ಸೇರಿರುವುದು ಕಪಾಲಭಾತಿಯ ಪಂಗಡಕ್ಕೆ. ಎರಡರಲ್ಲಿಯೂ ಉಪ್ಪಿನ ಸುದ್ದಿಯಿಲ್ಲ. ನಮ್ಮ ಅಜ್ಜ ಮಾಡುತ್ತಿದ್ದುದು ಈ ವ್ಯುತ್ಕ್ರಮವನ್ನೇ. ಅವರು ಅದನ್ನು ಉಷಃಪಾನವೆನ್ನುತ್ತಿದ್ದರು. ಆಯುರ್ವೇದದ ನಸ್ಯ ಬೇರೆಯೇ ದಾರಿ. ಅಲ್ಲಿ ಮುಖ್ಯವಾಗಿ ತೈಲ, ರಸ, ಚೂರ್ಣಗಳ ಪ್ರಯೋಗ. ನಮಾಜಿಗೆ ಮುನ್ನ ವಜೂ ಮಾಡುವ ಮುಸಲ್ಮಾನರೂ ಮೂಗಿಗೆ ನೀರೆಳೆದು ಹೊರಹಾಕುತ್ತಾರೆ. ಮೂಗನ್ನು ತೊಳೆಯಬೇಕೆಂಬ ಬುದ್ಧಿ ಯಾರೊಬ್ಬರ ಸ್ವತ್ತೂ ಅಲ್ಲ.

ಹಾಗಾದರೆ ಉಪ್ಪಿನ ಲೆಕ್ಕ ಎಲ್ಲಿಂದ ಬಂತು? ಅದಕ್ಕೆ ಯುರೋಪಿಗೆ ಹೋಗಬೇಕು. ಕೆನ್ನೆಯ ಮೂಳೆಯೊಳಗಿನ ಗವಿಯನ್ನು ಇಂಗ್ಲೆಂಡಿನ ವೈದ್ಯ ನಥಾನಿಯಲ್ ಹೈಮೋರ್ 1651ರಲ್ಲಿ ವಿವರಿಸಿದ. ಈ ಗವಿಯ ಬಾಗಿಲು ತಳದಲ್ಲಿಲ್ಲ, ಮೇಲ್ಭಾಗದಲ್ಲಿದೆ. ಒಳಗಿನ ಸಿಂಬಳವನ್ನು ಕಣ್ಣಿಗೆ ಕಾಣದ ಸಣ್ಣ ರೋಮಗಳು ಗುಡಿಸುತ್ತ ಮೇಲಕ್ಕೆ ಒಯ್ದು ಹೊರಹಾಕಬೇಕು. ನೆಗಡಿಯಿಂದ ಬಾಗಿಲು ಊದಿಕೊಂಡಿತೋ, ಕಸ ಒಳಗೇ ಉಳಿಯಿತು; ಕೆನ್ನೆ ನೋಯಿತು. ಮೂಗು ತೊಳೆದರೆ ನೀರು ಗವಿಯೊಳಗೆ ಅಷ್ಟಾಗಿ ಹೋಗದಿದ್ದರೂ ಹೊರಗಿನ ಓಣಿ ಶುಚಿಯಾಗುತ್ತದೆ.

ಬಾಯಿಂದ ಉಸಿರಾಡುತ್ತಿರುವವನ ಒಂದು ಹೊಳ್ಳೆಗೆ ನೀರು ಬಿಟ್ಟರೆ ಅದು ಗಂಟಲಿಗೆ ಇಳಿಯದೆ ಇನ್ನೊಂದು ಹೊಳ್ಳೆಯಿಂದ ಹರಿದುಬರುತ್ತದೆಂದು 1847ರಲ್ಲಿ ಜರ್ಮನಿಯ ವೇಬರ್ ಗುರುತಿಸಿದ. ಆಗ ಮೆದು ಅಂಗುಳ ಮೇಲೆದ್ದು ಹಿಂದಿನ ದಾರಿಯನ್ನು ಮುಚ್ಚುತ್ತದೆ. ಜರ್ಮನಿಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ವೈದ್ಯನಾಗಿದ್ದ ಥುಡಿಕುಮ್, 1864ರಲ್ಲಿ ಇದೇ ತತ್ತ್ವದಿಂದ, ನೀರಿನ ಪಾತ್ರೆಯನ್ನು ಎತ್ತರದಲ್ಲಿಟ್ಟು ನಳಿಕೆಯ ಮೂಲಕ ಮೂಗು ತೊಳೆಯುವ ಕ್ರಮವನ್ನು ಪ್ರಕಟಿಸಿದ. ಒತ್ತಡ ಹೆಚ್ಚಾಗಿ ನೀರು ಕಿವಿಗೆ ನುಗ್ಗಿದ ಪ್ರಸಂಗಗಳೂ ಬೇಗನೆ ವರದಿಯಾದವು. ಆ ಶತಮಾನದ ಕೊನೆಯಲ್ಲಿ ಹಾಲೆಂಡಿನ ಹ್ಯಾಂಬರ್ಗರ್ ಎಂಬಾತ ಕೆಂಪು ರಕ್ತಕಣಗಳನ್ನು ಬೇರೆ ಬೇರೆ ಸಾಂದ್ರತೆಯ ಉಪ್ಪುನೀರಿನಲ್ಲಿಟ್ಟು ನೋಡಿ, ನಮ್ಮ ರಕ್ತಕ್ಕೆ ಸರಿದೂಗುವ ಉಪ್ಪು ನೂರಕ್ಕೆ ಸುಮಾರು 0.9 ಪಾಲು ಎಂಬ ಲೆಕ್ಕಕ್ಕೆ ದಾರಿಮಾಡಿದ. ನನ್ನ ನೆತ್ತಿ ಉರಿದ ಗುಟ್ಟು ಇಲ್ಲಿತ್ತು. ಸಪ್ಪೆನೀರು ಮೂಗಿನ ಪೊರೆಯ ಕಣಗಳೊಳಕ್ಕೆ ನುಗ್ಗಿ ಅವನ್ನು ಉಬ್ಬಿಸುತ್ತದೆ. ಹದವಾದ ಉಪ್ಪುನೀರು ನೋಯಿಸದೆ ಹರಿದುಹೋಗುತ್ತದೆ.

ಇದರಿಂದ ಪ್ರಯೋಜನವುಂಟೆ? 2002ರಲ್ಲಿ ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ 76 ಮಂದಿ ಸೈನಸ್ ಪೀಡಿತರ ಮೇಲೆ ಪರೀಕ್ಷೆ ನಡೆಯಿತು. ಆರು ತಿಂಗಳು ದಿನವೂ ನೂರಕ್ಕೆ 2 ಪಾಲಿನ ಉಪ್ಪುನೀರಿನಿಂದ ಮೂಗು ತೊಳೆದವರಿಗೆ ತೊಂದರೆ ಕಡಿಮೆಯಾಯಿತು, ಔಷಧದ ಬಳಕೆಯೂ ಇಳಿಯಿತು. ಉಪಶಮನವುಂಟು, ಆದರೆ ಸರ್ವರೋಗಕ್ಕೂ ಮದ್ದಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆ ಸುಖಾಂತವಾಗುತ್ತಿತ್ತು. 1965ರಲ್ಲಿ ಆಸ್ಟ್ರೇಲಿಯದ ಫೌಲರ್ ಮತ್ತು ಕಾರ್ಟರ್ ಎಂಬ ವೈದ್ಯರು, ಅಮೀಬಾ ಜೀವಿಯೊಂದು ಮಿದುಳಿಗೆ ಹೊಕ್ಕು ಕೊಲ್ಲುವ ಸಂಗತಿಯನ್ನು ಬೆಳಕಿಗೆ ತಂದರು. ಈ ಜೀವಿ ಬೆಚ್ಚನೆಯ ಸಿಹಿನೀರಿನಲ್ಲಿರುತ್ತದೆ. ಕುಡಿದರೆ ಈ ರೋಗ ಬರುವುದಿಲ್ಲ. ಮೂಗಿನಲ್ಲಿ ಹೋದರೆ ವಾಸನೆಯ ನರವನ್ನು ಹಿಡಿದು ಮಿದುಳಿಗೆ ಏರುತ್ತದೆ. ರೋಗ ತೀರ ಅಪರೂಪ, ಆದರೆ ಬಂದವರಲ್ಲಿ ಉಳಿಯುವವರು ಬಹಳ ಕಡಿಮೆ. 2011ರಲ್ಲಿ ಅಮೆರಿಕದ ಲೂಯಿಸಿಯಾನದಲ್ಲಿ ನಲ್ಲಿನೀರಿನಿಂದ ಮೂಗು ತೊಳೆದ ಇಬ್ಬರು ಹೀಗೆ ಸತ್ತರು. ನಮ್ಮ ನೆರೆಯ ಕೇರಳದಲ್ಲಿ 2024 ಮತ್ತು 2025ರಲ್ಲಿ ಅಮೀಬಾದಿಂದ ಬಂದ ಮಿದುಳಿನ ರೋಗ ಹಲವರಿಗೆ ತಗುಲಿ, ಬಾವಿಗಳಿಗೆ ಕ್ಲೋರಿನ್ ಹಾಕಿಸಬೇಕಾಯಿತು.

ಇದನ್ನೋದಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕುಳಿತೆ. ಅಜ್ಜ ತೊಂಬತ್ತು ದಾಟಿ ಬದುಕಿದರು. ಬಾವಿಯ ನೀರು ಅವರಿಗೇನೂ ಮಾಡಲಿಲ್ಲ. ಆದರೆ ಒಬ್ಬರು ಬದುಕಿದ್ದು ನೀರು ನಿರ್ದೋಷಿ ಎಂಬುದಕ್ಕೆ ಸಾಕ್ಷಿಯಾದೀತೆ? ಹಿರಿಯರು ಮಾಡಿದ್ದೆಲ್ಲ ಮೌಢ್ಯವೆಂದು ನಕ್ಕವನು ನಾನೇ. ಹಿರಿಯರು ಮಾಡಿದ್ದರಿಂದಲೇ ಸರಿಯೆಂದು ನಲ್ಲಿಯ ನೀರೆಳೆದವನೂ ನಾನೇ. ಎರಡು ಸಲವೂ ವಿಚಾರಿಸದೆ ನಡೆದಿದ್ದೆ.

ಅಜ್ಜನ ಗಿಂಡಿ ಈಗ ನಮ್ಮ ಮನೆಯಲ್ಲಿದೆ. ಅದರ ಸಪೂರ ಮೂತಿ ಈ ಕೆಲಸಕ್ಕೆಂದೇ ಮಾಡಿದಂತಿದೆ. ಮೊನ್ನೆ ಮೊಮ್ಮಗನಿಗೂ ಮೂಗು ಕಟ್ಟಿತ್ತು. ವೈದ್ಯರು ಅವನಿಗೂ ಅದೇ ಮಾತು ಹೇಳಿದ್ದರು. ಗಿಂಡಿಯನ್ನು ನಲ್ಲಿಯ ಕೆಳಗೆ ಹಿಡಿದು, "ತಾತ, ನಿಮ್ಮಜ್ಜ ಹೀಗೇ ಮಾಡ್ತಿದ್ರು ತಾನೆ?" ಎಂದ.

"ಹೌದಪ್ಪಾ, ಹೀಗೇ ಮಾಡ್ತಿದ್ರು. ನೀನು ಮಾಡ್ಬೇಡ, ಸ್ವಲ್ಪ ತಾಳು" ಎಂದು ಗಿಂಡಿಯನ್ನು ತೆಗೆದುಕೊಂಡೆ. ನೀರನ್ನು ಒಲೆಯ ಮೇಲಿಟ್ಟು ಚೆನ್ನಾಗಿ ಮರಳಿದ ಮೇಲೂ ಒಂದು ನಿಮಿಷ ಬಿಟ್ಟೆ. ಮುಚ್ಚಿಟ್ಟು ಉಗುರುಬೆಚ್ಚಗೆ ಆರಿಸಿದೆ. ಕಾಲು ಲೀಟರಿಗೆ ಕಾಲು ಟೀ ಚಮಚಕ್ಕಿಂತ ತುಸು ಹೆಚ್ಚು ಉಪ್ಪು, ಒಂದು ಚಿಟಿಕೆ ಅಡಿಗೆ ಸೋಡ. ಹುಡುಗ ತಲೆ ವಾಲಿಸಿ ಬಾಯಲ್ಲಿ ಉಸಿರಾಡುತ್ತ ನಿಂತ. ಒಂದು ಹೊಳ್ಳೆಗೆ ಬಿಟ್ಟ ನೀರು ಇನ್ನೊಂದರಿಂದ ಸಲೀಸಾಗಿ ಇಳಿಯಿತು. "ಉರೀಲೇ ಇಲ್ಲ ತಾತ!" ಎಂದ.

ಗಿಂಡಿಯನ್ನು ತೊಳೆದು, ಒರೆಸಿ, ಒಣಗಲು ಬೋರಲು ಹಾಕಿದೆ.