ಬ್ರೇಕ್ ಬದಲಿಸಿದ ಮೇಲೆ ಪೆಡಲ್ ಮೆತ್ತಗಾದರೆ ಏನು ಮಾಡಬೇಕು?



ತಾಳವಾಡಿ ಕಡೆಯಿಂದ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ವಯನಾಡಿನಿಂದ ಕೋಳಿಕ್ಕೋಡಿನ ಕಡೆ ಇಳಿಯುವ ತಾಮರಶ್ಶೇರಿ ಚುರದಲ್ಲಿ 9. ಇಂಥ ದಾರಿಯಲ್ಲಿ ಓಡಾಡುವವರು ಕಾರಿಗೆ ದೊಡ್ಡ ಡಿಸ್ಕ್, ಹೊಸ ಕ್ಯಾಲಿಪರ್ ಹಾಕಿಸುವುದುಂಟು. ಆಮೇಲೆ ಪೆಡಲ್ ಸ್ಪಂಜಿನಂತೆ ಒಳಗೆ ಹೋದರೆ, ಗಾಬರಿಯಿಂದ ಇನ್ನೊಂದು ಬಿಡಿಭಾಗ ಕೊಳ್ಳಬೇಡಿ. ಪೆಡಲ್ ಹೇಗೆ ಒಳಗೆ ಹೋಗುತ್ತದೆ ಎಂಬುದರಲ್ಲೇ ದೋಷದ ಸುಳಿವು ಇರುತ್ತದೆ. ಅದು ಸರಿಯಾಗುವ ತನಕ ಗಾಡಿಯನ್ನು ರಸ್ತೆಗೆ ಇಳಿಸಬೇಡಿ.

ಮೊದಲು ಪರೀಕ್ಷೆ

ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಪೆಡಲ್ ತುಳಿದು ನೋಡಿ.

1. ಬೇಗ ಬೇಗ ನಾಲ್ಕೈದು ಸಲ ತುಳಿದಾಗ ಪೆಡಲ್ ಮೇಲೆ ಬಂದು ಗಟ್ಟಿಯಾದರೆ, ಒಳಗೆ ಗಾಳಿ ಉಳಿದಿದೆ ಅಥವಾ ಹಿಂದಿನ ಡ್ರಮ್‌ನ ಶೂ ಸಡಿಲವಿದೆ.

2. ತುಳಿದು ಹಿಡಿದಾಗ ನಿಧಾನವಾಗಿ ಕೆಳಗಿಳಿಯುತ್ತಲೇ ಹೋದರೆ, ಎಲ್ಲೋ ಸೋರಿಕೆ ಇದೆ ಅಥವಾ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೀಲ್ ಹೋಗಿದೆ.

3. ಮೊದಲಿಗಿಂತ ಹೆಚ್ಚು ಒಳಗೆ ಹೋಗಿ, ಅಲ್ಲಿ ಗಟ್ಟಿಯಾಗಿ ನಿಂತರೆ, ಅಳತೆ ಹೊಂದಿಲ್ಲದಿರಬಹುದು.

ಪೆಡಲ್ ಒತ್ತಿ ಹಿಡಿದು ಎಂಜಿನ್ ಸ್ಟಾರ್ಟ್ ಮಾಡಿದಾಗ ಅದು ಸ್ವಲ್ಪ ಇಳಿಯುವುದು ದೋಷವಲ್ಲ. ಬೂಸ್ಟರ್ ಕೆಲಸ ಮಾಡುತ್ತಿದೆ ಎಂದರ್ಥ. ಬೂಸ್ಟರ್ ಕೆಟ್ಟರೆ ಪೆಡಲ್ ಮೆತ್ತಗಾಗುವುದಿಲ್ಲ, ಕಲ್ಲಿನಂತಾಗುತ್ತದೆ.

ಗಾಳಿ ಎಲ್ಲಿ ಉಳಿಯುತ್ತದೆ?

ಬ್ರೇಕ್ ಆಯಿಲ್ ಒತ್ತಡಕ್ಕೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಹೊಸ ಕ್ಯಾಲಿಪರ್ ಹಾಕಿದಾಗ ಮೊದಲು ನೋಡಬೇಕಾದ್ದು ಗಾಳಿ ತೆಗೆಯುವ ನಿಪ್ಪಲ್. ಅದು ಕ್ಯಾಲಿಪರಿನ ಮೇಲ್ತುದಿಯಲ್ಲಿರಬೇಕು. ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಕೂರಿಸಿದರೆ ನಿಪ್ಪಲ್ ಕೆಳಗೆ ಬರುತ್ತದೆ. ಗಾಳಿ ಮೇಲೆಯೇ ಉಳಿಯುವುದರಿಂದ ಎಷ್ಟು ಆಯಿಲ್ ಸುರಿದರೂ ಪೆಡಲ್ ಮೆತ್ತಗೇ ಇರುತ್ತದೆ.

ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿದಾಗ ಇನ್ನೊಬ್ಬರು ನಿಪ್ಪಲ್ ಬಿಚ್ಚಿ, ಅದನ್ನು ಬಿಗಿ ಮಾಡಿದ ಮೇಲೆಯೇ ಪೆಡಲ್ ಬಿಡಬೇಕು. ಡಬ್ಬಿಯಲ್ಲಿ ಆಯಿಲ್ ಖಾಲಿಯಾಗಲು ಬಿಡಬೇಡಿ; ಬಿಟ್ಟರೆ ಕೆಲಸ ಮೊದಲಿಂದ. ಯಾವ ಚಕ್ರ ಮೊದಲು ಎಂಬುದನ್ನು ಗಾಡಿಯ ಕೈಪಿಡಿಯಲ್ಲಿ ನೋಡಿ. ಎಬಿಎಸ್ ಘಟಕದೊಳಗೆ ಗಾಳಿ ಹೋಗಿದ್ದರೆ ಹಲವು ಕಾರುಗಳಲ್ಲಿ ಸ್ಕ್ಯಾನರ್ ಜೋಡಿಸಿಯೇ ತೆಗೆಯಬೇಕಾಗುತ್ತದೆ.

ಹಿಂದೆ ಡ್ರಮ್ ಇದ್ದರೆ

ಹ್ಯಾಂಡ್ ಬ್ರೇಕ್ ಎಳೆದು ಪೆಡಲ್ ತುಳಿಯಿರಿ. ಆಗ ಪೆಡಲ್ ಮೇಲೆಯೇ ನಿಂತರೆ ಹಿಂದಿನ ಶೂಗಳನ್ನು ಅಡ್ಜಸ್ಟ್ ಮಾಡಿಸಿ.

ಅಳತೆಯ ಲೆಕ್ಕ

ಹಳೆಯ ಕ್ಯಾಲಿಪರಿನ ಪಿಸ್ಟನ್ 48 ಮಿಲಿಮೀಟರ್, ಹೊಸದು 54 ಎಂದುಕೊಳ್ಳಿ. ವ್ಯತ್ಯಾಸ ಬರೀ 6 ಮಿಲಿಮೀಟರ್ ಎನಿಸಿದರೂ ಪಿಸ್ಟನ್ನಿನ ವಿಸ್ತೀರ್ಣ ಸುಮಾರು ಶೇ. 27ರಷ್ಟು ಹೆಚ್ಚುತ್ತದೆ. ಅದನ್ನು ಅಷ್ಟೇ ದೂರ ತಳ್ಳಲು ಅಷ್ಟು ಹೆಚ್ಚು ಆಯಿಲ್ ಬೇಕು, ಆದ್ದರಿಂದ ಪೆಡಲ್ ಹೆಚ್ಚು ಇಳಿಯುತ್ತದೆ. ಎಷ್ಟು ಗಾಳಿ ತೆಗೆದರೂ ಇದು ಸರಿಹೋಗದು. ಆ ಕ್ಯಾಲಿಪರಿಗೆ ಹೊಂದುವ ಮಾಸ್ಟರ್ ಸಿಲಿಂಡರ್ ಯಾವುದೆಂದು ತಿಳಿದವರನ್ನು ಕೇಳಿಯೇ ಹಾಕಿಸಿ.

ಆಯಿಲ್ ಬಗ್ಗೆ ಎಚ್ಚರ

ಡಬ್ಬಿಯ ಮುಚ್ಚಳದ ಮೇಲೆ ಬರೆದ ದರ್ಜೆಯನ್ನೇ ಬಳಸಿ. ಡಾಟ್ 3, ಡಾಟ್ 4 ಇರುವ ಗಾಡಿಗೆ ಸಿಲಿಕೋನಿನ ಡಾಟ್ 5 ಬೆರೆಸಬಾರದು. ಎಂಜಿನ್ ಆಯಿಲ್ ಹಾಕಿದರೆ ರಬ್ಬರ್ ಸೀಲುಗಳು ಉಬ್ಬಿ ಹಾಳಾಗುತ್ತವೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬ ನಿಯಮವಿದೆ. ತೇವ ಹೀರಿದ ಮೇಲೆ ಆ ಮಿತಿ 155. ಸಮತಟ್ಟಿನಲ್ಲಿ ಚೆನ್ನಾಗಿದ್ದ ಪೆಡಲ್ ಘಾಟಿ ಇಳಿಯುವಾಗ ಮೆತ್ತಗಾಗಲು ಹಳೆಯ ಆಯಿಲ್ ಕುದಿಯುವುದೂ ಒಂದು ಕಾರಣ.

ಕೊನೆಯದಾಗಿ

ಎಲ್ಲ ಮುಗಿದ ಮೇಲೆ ಪ್ರತಿ ಜೋಡಣೆಯನ್ನೂ ಒಣ ಬಟ್ಟೆಯಿಂದ ಒರೆಸಿ, ಪೆಡಲನ್ನು ಒಂದು ನಿಮಿಷ ಬಲವಾಗಿ ಒತ್ತಿ ಹಿಡಿದು, ಹನಿ ಕಾಣುತ್ತದೆಯೇ ನೋಡಿ. ಬಳಿಕ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ ಪರೀಕ್ಷಿಸಿ. ಮನೆಮಂದಿಯನ್ನು ಕೂರಿಸಿಕೊಂಡು ಘಾಟಿ ಇಳಿಯುವುದು ಆಮೇಲಿನ ಮಾತು. ಇಳಿಯುವಾಗಲೂ ಕಡಿಮೆ ಗೇರಿನಲ್ಲೇ ಇಳಿಯಿರಿ. ಬ್ರೇಕ್ ಎಷ್ಟೇ ದೊಡ್ಡದಾದರೂ ಅದಕ್ಕೂ ಬಿಸಿಯ ಮಿತಿ ಇದೆ.