‘ಸಂಸ್ಕಾರ’: ಹಲವು ಕಲೆಗಳ ಒಂದು ಚಿತ್ರ

ರಾಷ್ಟ್ರಪತಿಗಳ ಚಿನ್ನದ ಪದಕ ಪಡೆದ ಮೊದಲ ಕನ್ನಡ ಕಥಾಚಿತ್ರ ‘ಸಂಸ್ಕಾರ’ (1970). ಇದನ್ನು ರೂಪಿಸಿದವರಲ್ಲಿ ಹಲವರು ಮೂಲತಃ ಚಿತ್ರರಂಗದವರಲ್ಲ ಎಂಬುದು ಗಮನಾರ್ಹ.

ನಿರ್ಮಾಪಕ, ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ತೆಲುಗಿನ ಕವಿ. ಯು.ಆರ್. ಅನಂತಮೂರ್ತಿಯವರ 1965ರ ಕಾದಂಬರಿಗೆ ಚಿತ್ರಕಥೆ ಬರೆದು, ಪ್ರಾಣೇಶಾಚಾರ್ಯರ ಪಾತ್ರ ವಹಿಸಿದವರು ನಾಟಕಕಾರ ಗಿರೀಶ ಕಾರ್ನಾಡ. ನಾರಣಪ್ಪನಾಗಿ ಲೇಖಕ ಪಿ. ಲಂಕೇಶ್, ಚಂದ್ರಿಯಾಗಿ ರಂಗನಟಿ, ನಿರ್ದೇಶಕರ ಪತ್ನಿ ಸ್ನೇಹಲತಾ ರೆಡ್ಡಿ ನಟಿಸಿದರು. ಸಂಗೀತ ಸರೋದ್ ವಾದಕ ರಾಜೀವ್ ತಾರಾನಾಥರದು. ಕಲಾ ನಿರ್ದೇಶನದ ಹೊಣೆ ಹೊತ್ತವರು ಮದರಾಸಿನ ಚೋಳಮಂಡಲ ಕಲಾಗ್ರಾಮದಲ್ಲಿದ್ದ ಮೈಸೂರು ಮೂಲದ ಚಿತ್ರಕಲಾವಿದ ಎಸ್.ಜಿ. ವಾಸುದೇವ್. ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯಾದವರು. ಮಲೆನಾಡಿನ ಅಗ್ರಹಾರದ ಕತೆಗೆ ವಿದೇಶಿ ಕಣ್ಣು ಎಂದರೆ ಅಚ್ಚರಿಯೇ. ಆದರೆ ಶೃಂಗೇರಿ ಬಳಿಯ ವೈಕುಂಠಪುರದಲ್ಲಿ ಸೆರೆಹಿಡಿದ ಕಪ್ಪು ಬಿಳುಪು ದೃಶ್ಯಗಳಲ್ಲಿ ಪರಕೀಯತೆ ಕಾಣದು.

ಕಾದಂಬರಿಯಂತೆ ಚಿತ್ರವೂ ವಿವಾದಕ್ಕೆ ಸಿಲುಕಿತು. ಜಾತಿ ವೈಷಮ್ಯಕ್ಕೆ ಎಡೆಯಾದೀತೆಂದು ಮದರಾಸಿನ ಸೆನ್ಸಾರ್ ಮಂಡಳಿ ಅದನ್ನು ತಡೆಯಿತು. ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಆ ನಿಷೇಧವನ್ನು ತೆರವುಗೊಳಿಸಿದ ಬಳಿಕವೇ ಚಿತ್ರ ತೆರೆ ಕಂಡಿತು.

ತಂಡದ ಸದಸ್ಯರ ಪೈಕಿ ಸ್ನೇಹಲತಾ ಅವರ ಪಾಡು ದಾರುಣ. ತುರ್ತು ಪರಿಸ್ಥಿತಿಯ ವೇಳೆ, 1976ರ ಮೇ ತಿಂಗಳಲ್ಲಿ ಬಂಧಿತರಾದ ಅವರನ್ನು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಇರಿಸಲಾಯಿತು. ಅಲ್ಲಿ ಅವರ ಆಸ್ತಮಾ ಉಲ್ಬಣಿಸಿತು. ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ಅವರು ನಿಧನರಾದರು. ಆ ಕಾರಾಗೃಹದ ಜಾಗದಲ್ಲಿ ಈಗ ಫ್ರೀಡಂ ಪಾರ್ಕ್ ಇದೆ.