ರಶ್: ಲಗ್ಗೆಯ ಹೊಸ ಹೆಸರು

ಕನ್ನಡದ ದಿನಬಳಕೆಯಲ್ಲಿ ‘ರಶ್’ ಎಂಬ ಪದಕ್ಕೆ ಜನಸಂದಣಿ ಎಂಬುದೇ ಮುಖ್ಯ ಅರ್ಥ. ಬಸ್ಸು ರಶ್ಶಾಗಿದೆ, ಸಂತೆಯಲ್ಲಿ ರಶ್ಶಿದೆ, ಜಾತ್ರೆಯ ದಿನ ಗುಡಿಯಲ್ಲಿ ಕಾಲಿಡಲಾಗದಷ್ಟು ರಶ್ಶು ಎನ್ನುವಾಗ ಆ ಪದ ಸೂಚಿಸುವುದು ಅತ್ತಿತ್ತ ಕದಲಲಾಗದ ಸ್ಥಿತಿಯನ್ನು. ಇಂಗ್ಲಿಷಿನಲ್ಲಿ ವೇಗವನ್ನೂ ನುಗ್ಗುವಿಕೆಯನ್ನೂ ಹೇಳುತ್ತಿದ್ದ ಪದ ಕನ್ನಡಕ್ಕೆ ಬರುವಾಗ ಚಲನೆಯನ್ನು ಹೊಸಿಲಾಚೆ ಬಿಟ್ಟು ಒತ್ತಡವನ್ನಷ್ಟೇ ಒಳಗೆ ತಂದುಕೊಂಡಿತು. ವಿಡಿಯೊ ಗೇಮ್ ಆಡುವ ಕನ್ನಡಿಗರ ಬಾಯಲ್ಲಿ ಅದೇ ಪದ ಈಗ ಇನ್ನೊಂದು ದಾರಿಯಿಂದ ಮತ್ತೆ ಒಳಬಂದಿದೆ. ‘ರಶ್ ಮಾಡು’, ‘ರಶ್ ಬರ್ತಿದೆ, ಹುಷಾರು’ ಎಂದು ಅವರು ಹೇಳುವಾಗ ಅದರ ಅರ್ಥ, ಎದುರಾಳಿ ಸಿದ್ಧನಾಗುವ ಮೊದಲೇ ಅವನ ಮೇಲೆ ಬೀಳುವುದು. ತಂತ್ರಪ್ರಧಾನವಾದ ಸ್ಟ್ರಾಟಜಿ ಗೇಮ್‌ಗಳಲ್ಲಿ ಬೇರೂರಿ, ಕೈಚಳಕ ಪ್ರಧಾನವಾದ ಆ್ಯಕ್ಷನ್ ಗೇಮ್‌ಗಳಿಗೆ ಹಬ್ಬಿದ ಈ ಪದದ ಚರಿತ್ರೆಯನ್ನು ಹಿಂಬಾಲಿಸಿದರೆ, ನ್ಯಾಯವಾದ ಆಟ ಯಾವುದು ಎಂಬ ಬಗ್ಗೆ ಆಟಗಾರರಲ್ಲಿ ಬಹುಕಾಲದಿಂದ ನಡೆದಿರುವ ವಾದವೊಂದರ ತಿರುಳು ಕಾಣುತ್ತದೆ.

ವೆಸ್ಟ್‌ವುಡ್ ಸ್ಟುಡಿಯೋಸ್ 1992ರಲ್ಲಿ ಹೊರತಂದ ‘ಡ್ಯೂನ್ 2’ ಎಂಬ ಆಟವು, ರಿಯಲ್ ಟೈಮ್ ಸ್ಟ್ರಾಟಜಿ ಎಂದು ಕರೆಯಲಾಗುವ ಪ್ರಕಾರಕ್ಕೆ, ಎಂದರೆ ಚದುರಂಗದಂತೆ ಸರದಿಗಾಗಿ ಕಾಯದೆ ಎರಡೂ ಪಕ್ಷಗಳು ಏಕಕಾಲದಲ್ಲಿ ನಡೆ ನಡೆಸುವ ಪ್ರಕಾರಕ್ಕೆ, ಇಂದಿಗೂ ಉಳಿದಿರುವ ರೂಪವನ್ನು ಕೊಟ್ಟಿತು. ಭೂಮಿಯಿಂದ ಸಂಪನ್ಮೂಲವನ್ನು ಅಗೆದು ತರುವುದು, ಅದರಿಂದ ಕಟ್ಟಡಗಳನ್ನು ಕಟ್ಟುವುದು, ಕಟ್ಟಡಗಳಿಂದ ಸೈನ್ಯವನ್ನು ಹೊರಡಿಸುವುದು ಎಂಬ ಮೂರು ಹಂತಗಳು ಆ ರೂಪದ ಅಡಿಪಾಯ. ಸಂಪನ್ಮೂಲ ತರುವ ಕೆಲಸಗಾರನಿಗೂ ಯುದ್ಧ ಮಾಡುವ ಸೈನಿಕನಿಗೂ ಒಂದೇ ಬೊಕ್ಕಸದಿಂದ ವೆಚ್ಚವಾಗುವುದರಿಂದ, ಪ್ರತಿಯೊಂದು ಕ್ಷಣದಲ್ಲೂ ಆಟಗಾರನ ಮುಂದೆ ಒಂದು ಆಯ್ಕೆ ನಿಂತಿರುತ್ತದೆ: ಇಂದಿನ ಹಣವನ್ನು ನಾಳಿನ ಗಳಿಕೆಗಾಗಿ ಹೂಡುವುದೋ, ಇಂದಿನ ಬಲಕ್ಕಾಗಿ ಖರ್ಚು ಮಾಡುವುದೋ? ಮೊದಲನೆಯದನ್ನು ಆರಿಸಿಕೊಂಡವನು ಹತ್ತು ನಿಮಿಷದ ನಂತರ ಬಲಿಷ್ಠನಾಗುತ್ತಾನೆ, ಎರಡನೆಯದನ್ನು ಆರಿಸಿಕೊಂಡವನು ಮೂರನೆಯ ನಿಮಿಷದಲ್ಲಿ ಬಲಿಷ್ಠನಾಗಿರುತ್ತಾನೆ. ರಶ್ ಎಂಬುದು ಈ ಎರಡು ಗಳಿಗೆಗಳ ನಡುವಿನ ಅಂತರದಲ್ಲಿ ಹುಟ್ಟುವ ದಾಳಿ. ಅದು ಕೇವಲ ಅವಸರವಲ್ಲ. ಭವಿಷ್ಯವನ್ನು ಅಡವಿಟ್ಟು ವರ್ತಮಾನವನ್ನು ಕೊಳ್ಳುವ ವ್ಯವಹಾರ.

ಈ ಪದಕ್ಕೆ ಜಗತ್ಪ್ರಸಿದ್ಧಿಯನ್ನು ತಂದದ್ದು ಬ್ಲಿಝಾರ್ಡ್ ಸಂಸ್ಥೆ 1998ರಲ್ಲಿ ಬಿಡುಗಡೆ ಮಾಡಿದ ‘ಸ್ಟಾರ್‌ಕ್ರಾಫ್ಟ್’. ಮನುಷ್ಯರಾದ ಟೆರಾನ್, ತಂತ್ರಜ್ಞಾನದಲ್ಲಿ ಮುಂದಿರುವ ಪ್ರೋಟಾಸ್, ಹಿಂಡುಹಿಂಡಾಗಿ ಹುಟ್ಟುವ ಜೀವಿಗಳಾದ ಝರ್ಗ್ ಎಂಬ ಮೂರು ಜನಾಂಗಗಳು ಆ ಆಟದಲ್ಲಿವೆ. ಝರ್ಗ್ ಪಕ್ಷದ ಅತಿ ಸಣ್ಣ ಸೈನಿಕನಾದ ಝರ್ಗ್‌ಲಿಂಗ್ ಒಂದು ಮೊಟ್ಟೆಯಿಂದ ಎರಡರಂತೆ ಹೊರಬರುತ್ತದೆ, ಮತ್ತು ಆ ಜೋಡಿಗೆ ತಗಲುವ ವೆಚ್ಚ 50 ಖನಿಜ ಮಾತ್ರ. ಪ್ರತಿ ಪಕ್ಷವೂ ನಾಲ್ಕು ಕೆಲಸಗಾರರೊಂದಿಗೆ ಆಟವನ್ನು ಆರಂಭಿಸುತ್ತದೆ. ಐದನೆಯ ಕೆಲಸಗಾರನನ್ನು ಹುಟ್ಟಿಸದೆ, ಮೊದಲ ಗಳಿಕೆಯನ್ನೆಲ್ಲ ಝರ್ಗ್‌ಲಿಂಗ್‌ಗಳಿಗೆ ಬೇಕಾದ ಸ್ಪಾನಿಂಗ್ ಪೂಲ್ ಎಂಬ ಕಟ್ಟಡಕ್ಕೆ ಸುರಿಯುವ ಕ್ರಮವನ್ನು ಆಟಗಾರರು ‘ಫೋರ್ ಪೂಲ್’ ಎಂದು ಕರೆದರು. ಹಾಗೆ ಹೊರಟ ಹಿಂಡಿನ ದಾಳಿಯೇ ‘ಝರ್ಗ್ ರಶ್’. ಇದು ಎಷ್ಟು ತೀಕ್ಷ್ಣವಾಗಿತ್ತೆಂದರೆ, 2001ರ ಪರಿಷ್ಕರಣೆಯೊಂದರಲ್ಲಿ ಬ್ಲಿಝಾರ್ಡ್ ಆ ಕಟ್ಟಡದ ಬೆಲೆಯನ್ನು 150ರಿಂದ 200 ಖನಿಜಕ್ಕೆ ಏರಿಸಿತು. ಆ 50 ಖನಿಜದ ಏರಿಕೆ ಹೇಳುವ ಸಂಗತಿ ಮುಖ್ಯವಾದದ್ದು. ಆಟವನ್ನು ರೂಪಿಸಿದವರು ರಶ್ಶನ್ನು ನಿಷೇಧಿಸಲಿಲ್ಲ, ಅದರ ಬೆಲೆಯನ್ನು ತಿದ್ದಿದರು. ಎಂದರೆ ಅವರು ಅದನ್ನು ದೋಷವೆಂದು ನೋಡದೆ, ತೂಕ ಸರಿಪಡಿಸಬೇಕಾದ ಆಯ್ಕೆಯೆಂದು ನೋಡಿದರು.

2010ರ ‘ಸ್ಟಾರ್‌ಕ್ರಾಫ್ಟ್ 2’ರಲ್ಲಿ ಆರಂಭದ ಕೆಲಸಗಾರರ ಸಂಖ್ಯೆ ಆರಕ್ಕೇರಿತು, 2015ರ ‘ಲೆಗಸಿ ಆಫ್ ದಿ ವಾಯ್ಡ್’ ವಿಸ್ತರಣೆಯಲ್ಲಿ ಹನ್ನೆರಡಕ್ಕೇರಿತು. ಅದಕ್ಕೆ ತಕ್ಕಂತೆ ‘ಫೋರ್ ಪೂಲ್’ ಹೋಗಿ ‘ಸಿಕ್ಸ್ ಪೂಲ್’, ಅದೂ ಹೋಗಿ ‘ಟ್ವೆಲ್ವ್ ಪೂಲ್’ ಎಂಬ ಹೆಸರುಗಳು ಬಂದವು. ಅಂಕಿ ಬದಲಾದರೂ ಝರ್ಗ್ ರಶ್ ಎಂಬ ಹೆಸರು ಅಳಿಯಲಿಲ್ಲ. 2012ರಲ್ಲಿ ಗೂಗಲ್ ತನ್ನ ಶೋಧಪುಟದಲ್ಲಿ ಆ ಎರಡು ಪದಗಳನ್ನು ಹುಡುಕಿದವರ ಮುಂದೆ ‘ಓ’ ಅಕ್ಷರಗಳ ಹಿಂಡೊಂದು ಬಂದು ಫಲಿತಾಂಶಗಳನ್ನು ತಿಂದುಹಾಕುವಂತೆ ಮಾಡಿದಾಗ, ಆಟವನ್ನೇ ನೋಡದವರಿಗೂ ಅದರ ಅರ್ಥ ತಿಳಿಯಿತು.

ರಶ್ ಒಂಟಿ ಪದವಲ್ಲ. ಅದಕ್ಕೆ ಇಬ್ಬರು ದಾಯಾದಿಗಳಿದ್ದಾರೆ. ಸೈನ್ಯವನ್ನು ಮುಂದೂಡಿ ಸಂಪತ್ತನ್ನಷ್ಟೇ ಬೆಳೆಸುವುದಕ್ಕೆ ‘ಬೂಮ್’ ಎಂದೂ, ಗೋಡೆ ಬುರುಜುಗಳನ್ನು ಕಟ್ಟಿಕೊಂಡು ಒಳಗೇ ಉಳಿಯುವುದಕ್ಕೆ ಆಮೆಯ ಹೆಸರಿನಿಂದ ‘ಟರ್ಟ್ಲಿಂಗ್’ ಎಂದೂ ಆಟಗಾರರು ಹೇಳುತ್ತಾರೆ. ರಶ್ ಮಾಡುವವನು ಬೂಮ್ ಮಾಡುವವನನ್ನು ಸೋಲಿಸುತ್ತಾನೆ, ಏಕೆಂದರೆ ಸಂಪತ್ತು ಸೈನ್ಯವಾಗಿ ಮಾರ್ಪಡುವ ಮೊದಲೇ ದಾಳಿ ಬಂದಿರುತ್ತದೆ. ಕೋಟೆ ಕಟ್ಟಿಕೊಂಡವನು ರಶ್ ಮಾಡುವವನನ್ನು ಸೋಲಿಸುತ್ತಾನೆ, ಏಕೆಂದರೆ ಅಗ್ಗದ ಸೈನ್ಯ ಗೋಡೆಯೆದುರು ಕರಗಿಹೋಗುತ್ತದೆ. ಬೂಮ್ ಮಾಡುವವನು ಕೋಟೆಯವನನ್ನು ಸೋಲಿಸುತ್ತಾನೆ, ಏಕೆಂದರೆ ಗೋಡೆಗೆ ಹಾಕಿದ ಕಲ್ಲು ಗಳಿಕೆಯನ್ನು ತರುವುದಿಲ್ಲ. ಈ ಮೂರರ ಸಮತೋಲವೇ ಪ್ರಕಾರದ ಪ್ರಾಣ. ಇದರಲ್ಲಿ ರಶ್ಶನ್ನು ತೆಗೆದುಬಿಟ್ಟರೆ ಕೋಟೆ ಕಟ್ಟಲು ಕಾರಣ ಉಳಿಯುವುದಿಲ್ಲ, ಎಲ್ಲರೂ ಬೂಮ್ ಮಾಡುತ್ತಾರೆ, ಆಟವು ಯಾರು ವೇಗವಾಗಿ ಕಟ್ಟುತ್ತಾರೆ ಎಂಬ ಏಕಮುಖ ಪಂದ್ಯವಾಗುತ್ತದೆ. ಎದುರಾಳಿ ಏನು ಮಾಡುತ್ತಿದ್ದಾನೆಂದು ನೋಡಿಬರಲು ಬೇಹಿನವನನ್ನು ಕಳುಹಿಸುವ ‘ಸ್ಕೌಟಿಂಗ್’ ಎಂಬ ಕಲೆಯೂ ಆಗ ಅರ್ಥ ಕಳೆದುಕೊಳ್ಳುತ್ತದೆ, ಏಕೆಂದರೆ ಭಯವಿಲ್ಲದ ಕಡೆ ಬೇಹುಗಾರಿಕೆ ಬೇಕಾಗುವುದಿಲ್ಲ.

1999ರಲ್ಲಿ ಎನ್ಸೆಂಬಲ್ ಸ್ಟುಡಿಯೋಸ್ ರೂಪಿಸಿದ ‘ಏಜ್ ಆಫ್ ಎಂಪೈರ್ಸ್ 2’ರಲ್ಲಿ ರಶ್ಶಿನ ಇನ್ನಷ್ಟು ಸೂಕ್ಷ್ಮವಾದ ರೂಪವೊಂದು ಬೆಳೆಯಿತು. ಆ ಆಟದ ಮೊದಲ ಘಟ್ಟವಾದ ಡಾರ್ಕ್ ಏಜ್‌ನಲ್ಲಿಯೇ ನಡೆಸುವ ದಾಳಿಯನ್ನು ಆಟಗಾರರು ಎರಡು ಪದಗಳನ್ನು ಬೆಸೆದು ‘ಡ್ರಶ್’ ಎಂದರು. ಮೂಲ ಆಟದಲ್ಲಿ ಮೂವರು ಮಿಲಿಷಿಯಾ ಸೈನಿಕರಿಗೆ ಬೇಕಾಗುತ್ತಿದ್ದದ್ದು 180 ಆಹಾರ ಮತ್ತು 60 ಚಿನ್ನ. ಅವರನ್ನು ಹೊರಡಿಸುವ ಬ್ಯಾರಕ್ಸಿಗೆ 175 ಮರ. ಈ ಮೂವರು ಎದುರಾಳಿಯ ಊರನ್ನು ಕೆಡವಲಾರರು, ಹಲವು ಸಲ ಒಬ್ಬ ಹಳ್ಳಿಗನನ್ನೂ ಕೊಲ್ಲಲಾರರು. ಆದರೆ ಮರ ಕಡಿಯುತ್ತಿದ್ದವರು ಕೊಡಲಿ ಬಿಟ್ಟು ಓಡಬೇಕಾಗುತ್ತದೆ, ಎದುರಾಳಿಯ ಗಮನ ಚದುರುತ್ತದೆ. 25 ಸೆಕೆಂಡಿಗೊಬ್ಬ ಹಳ್ಳಿಗನಂತೆ ಹುಟ್ಟಬೇಕಾದ ಕಡೆ ಆ ಗೊಂದಲದಲ್ಲಿ ಒಂದೆರಡು ಸರದಿ ತಪ್ಪಿದರೂ, ಮುಂದಿನ ಘಟ್ಟಕ್ಕೆ ಏರಲು ಬೇಕಾದ 500 ಆಹಾರ ಕೂಡಿಸುವುದು ತಡವಾಗುತ್ತದೆ. ಇಲ್ಲಿ ರಶ್ ನಾಶದ ಆಯುಧವಲ್ಲ, ಸಮಯವನ್ನು ಕದಿಯುವ ಉಪಾಯ. ಪದವು ಒಂದೇ ಆದರೂ ಝರ್ಗ್ ರಶ್ ಆಟವನ್ನು ಮುಗಿಸಲು ಹೊರಡುತ್ತದೆ, ಡ್ರಶ್ ಆಟವನ್ನು ತನ್ನ ಅನುಕೂಲಕ್ಕೆ ಬಾಗಿಸಲು ಹೊರಡುತ್ತದೆ.

ಇಷ್ಟಾದರೂ ರಶ್ ಎಂಬ ಪದದ ಬೆನ್ನಿಗೆ ಅಪಕೀರ್ತಿ ಅಂಟಿಕೊಂಡೇ ಇದೆ. ಆನ್‌ಲೈನ್ ಪಂದ್ಯಗಳ ಆರಂಭದ ವರ್ಷಗಳಿಂದಲೂ ‘ನೋ ರಶ್’ ಎಂಬ ಷರತ್ತಿನೊಂದಿಗೆ, ಹತ್ತು ಅಥವಾ ಇಪ್ಪತ್ತು ನಿಮಿಷ ಯಾರೂ ದಾಳಿ ಮಾಡಬಾರದೆಂಬ ಒಪ್ಪಂದದೊಂದಿಗೆ ಆಡುವವರಿದ್ದಾರೆ; ‘ಏಜ್ ಆಫ್ ಎಂಪೈರ್ಸ್’ ಸರಣಿಯು ಇದನ್ನೇ ‘ಟ್ರೀಟಿ’ ಎಂಬ ಅಧಿಕೃತ ವಿಧಾನವಾಗಿಯೂ ಒಪ್ಪಿಕೊಂಡಿದೆ. ಗೆಳೆಯರು ಕೂಡಿ ದೊಡ್ಡ ನಗರಗಳನ್ನು ಕಟ್ಟಿ ನಲಿಯುವ ಆಟವಾಗಿ ಅದರಲ್ಲಿ ತಪ್ಪಿಲ್ಲ. ತಪ್ಪಿರುವುದು ಅದೇ ಶುದ್ಧವಾದ ಆಟವೆಂದೂ ರಶ್ ಎಂಬುದು ಮೋಸವೆಂದೂ ಭಾವಿಸುವುದರಲ್ಲಿ. ಮಲಗಿದ್ದ ಪಾಂಡವ ಶಿಬಿರದ ಮೇಲೆ ಇರುಳಿನಲ್ಲಿ ಬಿದ್ದ ಅಶ್ವತ್ಥಾಮನನ್ನು ಪರಂಪರೆ ಹಳಿದದ್ದು, ಯುದ್ಧಕ್ಕೆ ಎರಡೂ ಕಡೆಯವರು ಒಪ್ಪಿದ್ದ ಕಟ್ಟಳೆಯನ್ನು ಅವನು ಮೀರಿದ್ದರಿಂದ. ಸ್ಟಾರ್‌ಕ್ರಾಫ್ಟಿನಲ್ಲಿ ಅಂಥ ಕಟ್ಟಳೆಯಿಲ್ಲ, ಇಬ್ಬರಿಗೂ ಗಡಿಯಾರ ಒಂದೇ ಕ್ಷಣದಲ್ಲಿ ಓಡತೊಡಗುತ್ತದೆ, ಇಬ್ಬರಿಗೂ ನಾಲ್ವರೇ ಕೆಲಸಗಾರರು. ಅಲ್ಲಿ ಸಿದ್ಧತೆಯಿಲ್ಲದೆ ಸಿಕ್ಕಿಬಿದ್ದವನು ನಿದ್ರಿಸುತ್ತಿದ್ದವನಲ್ಲ, ಸಿದ್ಧನಾಗಿರಬೇಕಾಗಿಲ್ಲ ಎಂದು ತಾನೇ ನಿರ್ಧರಿಸಿದವನು.

ಈ ವಾದಕ್ಕೆ ದಕ್ಷಿಣ ಕೊರಿಯಾದ ವೃತ್ತಿಪರ ಸ್ಟಾರ್‌ಕ್ರಾಫ್ಟ್ ಕಣದಲ್ಲಿ ಪ್ರಸಿದ್ಧವಾದ ನಿದರ್ಶನವಿದೆ. 2004ರ ಎವರ್ ಸ್ಟಾರ್‌ಲೀಗಿನ ಸೆಮಿಫೈನಲ್‌ನಲ್ಲಿ, ‘ಬಾಕ್ಸರ್’ ಎಂಬ ಹೆಸರಿನಿಂದ ಆಡುತ್ತಿದ್ದ ಲಿಮ್ ಯೋ-ಹ್ವಾನ್, ‘ಯೆಲ್ಲೋ’ ಎಂಬ ಹೆಸರಿನ ಹಾಂಗ್ ಜಿನ್-ಹೋ ಅವರನ್ನು ಎದುರಿಸಿದರು. ಎದುರಾಳಿಯ ನೆಲದ ಬಳಿಯೇ ಬಂಕರ್ ಎಂಬ ಕಾವಲುಗೂಡನ್ನು ಕಟ್ಟಿ ಅದರೊಳಗಿಂದ ಗುಂಡು ಹಾರಿಸುವ ‘ಬಂಕರ್ ರಶ್’ ಎಂಬ ಕ್ರಮವನ್ನು ಲಿಮ್ ಮೂರು ಪಂದ್ಯಗಳಲ್ಲೂ ಬಳಸಿ 3–0 ಅಂತರದಿಂದ ಗೆದ್ದರು. ದೀರ್ಘ ಸೆಣಸಾಟವನ್ನು ಬಯಸಿದ್ದ ಪ್ರೇಕ್ಷಕರು ಸಿಟ್ಟಾದರು, ವಿವಾದ ವರ್ಷಗಟ್ಟಲೆ ಉಳಿಯಿತು. ಆದರೆ ಅದೇ ಲೀಗಿನ ಫೈನಲ್‌ನಲ್ಲಿ ಲಿಮ್, ಸಂಪತ್ತು ಬೆಳೆಸುವ ಕಲೆಯಲ್ಲಿ ಹೆಸರಾದ ತಮ್ಮದೇ ತಂಡದ ಚೋಯ್ ಯೋನ್-ಸಂಗ್ ಅವರೆದುರು 2–3ರಿಂದ ಸೋತರು. ರಶ್ ಗೆಲುವಿನ ಖಾತರಿಯಾಗಿದ್ದರೆ ಪ್ರಶಸ್ತಿ ಲಿಮ್ ಅವರದ್ದೇ ಆಗಬೇಕಿತ್ತು. ಸೆಮಿಫೈನಲ್‌ನ ರಶ್ ಒಬ್ಬ ನಿರ್ದಿಷ್ಟ ಎದುರಾಳಿಯ ಅಭ್ಯಾಸಗಳನ್ನು ಓದಿ ಹೂಡಿದ ಪಣವಾಗಿತ್ತು, ಮತ್ತು ಒಬ್ಬನೇ ಎದುರಾಳಿಯ ಮೇಲೆ ಮೂರು ಸಲವೂ ಅದನ್ನೇ ಹೂಡುವ ಧೈರ್ಯವೇ ಅದರ ಬುದ್ಧಿವಂತಿಕೆಯಾಗಿತ್ತು.

ಆ್ಯಕ್ಷನ್ ಗೇಮ್‌ಗಳಿಗೆ ಬರುವಾಗ ಪದದ ಅರ್ಥ ಬದಲಾಗುತ್ತದೆ. ಅಲ್ಲಿ ಅಡವಿಡಲು ಭವಿಷ್ಯದ ಗಳಿಕೆ ಸಾಮಾನ್ಯವಾಗಿ ಇರುವುದಿಲ್ಲ. ಆಟಗಾರನ ದೇಹ, ಆಯುಧ, ಗುರಿ ಇವೇ ಮುಖ್ಯ ಬಂಡವಾಳ. ಐವರ ಎರಡು ತಂಡಗಳು ಸೆಣಸುವ ‘ಕೌಂಟರ್-ಸ್ಟ್ರೈಕ್’ನಲ್ಲಿ ಬಾಂಬ್ ಇಡಬಹುದಾದ ಎರಡು ತಾಣಗಳಿಗೆ ಎ ಮತ್ತು ಬಿ ಎಂಬ ಹೆಸರುಗಳಿದ್ದು, ‘ರಶ್ ಬಿ’ ಎಂಬ ಕೂಗು ಆ ಆಟದ ಗುರುತಾಗಿಯೇ ಬೆಳೆಯಿತು. ಕಾಯುವ ತಂಡದ ಐವರು ಎರಡು ತಾಣಗಳಿಗೆ ಹಂಚಿಹೋಗಲೇಬೇಕಾದ್ದರಿಂದ, ಐವರೂ ಒಟ್ಟಾಗಿ ಒಂದೇ ಕಡೆ ನುಗ್ಗಿದರೆ ಅಲ್ಲಿ ಎದುರಾಗುವವರು ಇಬ್ಬರೋ ಮೂವರೋ. ಭಾರತದ ಮೊಬೈಲುಗಳಲ್ಲಿ 2018ರಿಂದ ‘ಪಬ್‌ಜಿ’, ಅದು 2020ರಲ್ಲಿ ನಿಷೇಧಗೊಂಡ ಬಳಿಕ 2021ರಲ್ಲಿ ಬಂದ ‘ಬಿಜಿಎಂಐ’, ಈ ಪದವನ್ನು ಕರ್ನಾಟಕದ ಹಳ್ಳಿಗಳಿಗೂ ಮುಟ್ಟಿಸಿದವು. ನಾಲ್ವರ ತಂಡಗಳ ಆ ಆಟದಲ್ಲಿ ಒಬ್ಬ ನೆಲಕ್ಕುರುಳಿದರೆ ಜೊತೆಗಾರನು ಅವನನ್ನು ಎಬ್ಬಿಸಲು ಸುಮಾರು 10 ಸೆಕೆಂಡು ಬೇಕು. ಆ ಅವಧಿಯಲ್ಲಿ ಒಬ್ಬ ಬಿದ್ದಿರುತ್ತಾನೆ, ಇನ್ನೊಬ್ಬನ ಕೈ ಕಟ್ಟಿರುತ್ತದೆ. ಆ ಹತ್ತು ಸೆಕೆಂಡನ್ನು ಹಿಡಿದು ನುಗ್ಗುವುದು ಲೆಕ್ಕಾಚಾರದ ರಶ್. ಹಾಗಲ್ಲದೆ, ಮರೆಯಲ್ಲಿ ಕೂತು ಕಾಯುವವನನ್ನು ‘ಕ್ಯಾಂಪರ್’ ಎಂದು ಹೀಯಾಳಿಸಿ, ನುಗ್ಗುವುದೇ ಗಂಡುತನವೆಂದು ಭಾವಿಸಿ ಕಂಡಕಂಡಲ್ಲಿ ಓಡುವುದು ಈ ಪದವು ಪಡೆದ ಬಡ ಅರ್ಥ. ಯೋಜನೆಯ ಹೆಸರಾಗಿದ್ದ ಪದ ಇಲ್ಲಿ ಸ್ವಭಾವದ ಹೆಸರಾಗಿ ಸವೆದಿದೆ.

ಈ ಸವಕಳಿಗೆ ಆಟಗಾರರಷ್ಟೇ ಕಾರಣರಲ್ಲ. ಸ್ವಲ್ಪ ಹೊತ್ತು ಅಡಗಿ ಕೂತರೆ ಗಾಯ ತಾನಾಗಿ ಮಾಯುವ ಪದ್ಧತಿಯನ್ನು 2005ರ ‘ಕಾಲ್ ಆಫ್ ಡ್ಯೂಟಿ 2’ ವ್ಯಾಪಕ ಬಳಕೆಗೆ ತಂದಿತು, ಗೋಡೆಗೆ ಅಂಟಿ ನಿಂತು ಗುಂಡು ಹಾರಿಸುವ ಪದ್ಧತಿಯನ್ನು 2006ರ ‘ಗಿಯರ್ಸ್ ಆಫ್ ವಾರ್’ ಜನಪ್ರಿಯಗೊಳಿಸಿತು. ಕಾಯುವುದಕ್ಕೆ ಆಟವೇ ಬಹುಮಾನ ಕೊಡುತ್ತಿರುವಾಗ ನುಗ್ಗುವುದು ಅವಿವೇಕವಾಗಿ ಕಂಡದ್ದು ಸಹಜ. ಇದನ್ನು ತಿರುಗಿಸಿದ್ದು 2016ರ ‘ಡೂಮ್’. ತತ್ತರಿಸಿದ ರಾಕ್ಷಸನ ಹತ್ತಿರಕ್ಕೆ ಹೋಗಿ ಕೈಯಾರೆ ಮುಗಿಸಿದರೆ ಆರೋಗ್ಯ, ಗರಗಸದಿಂದ ಸೀಳಿದರೆ ಮದ್ದುಗುಂಡು ದೊರೆಯುವಂತೆ ಅದನ್ನು ರೂಪಿಸಿದ ಇಡ್ ಸಾಫ್ಟ್‌ವೇರ್ ಮಾಡಿತು. ಆರೋಗ್ಯ ಕಡಿಮೆಯಾದವನು ಹಿಂದೆ ಓಡದೆ ಮುಂದೆ ನುಗ್ಗಬೇಕು, ಆದರೆ ಯಾವ ರಾಕ್ಷಸನ ಕಡೆಗೆ, ಯಾವ ದಾರಿಯಿಂದ ಎಂಬುದನ್ನು ಕ್ಷಣದಲ್ಲಿ ಆರಿಸಬೇಕು. ಅದಕ್ಕೂ ಮುಂಚೆ, 2015ರ ‘ಬ್ಲಡ್‌ಬೋರ್ನ್’, ಪೆಟ್ಟು ತಿಂದ ಕೂಡಲೇ ತಿರುಗಿ ಹೊಡೆದವನಿಗೆ ಕಳೆದುಕೊಂಡ ಆರೋಗ್ಯದ ಪಾಲೊಂದನ್ನು ಮರಳಿಸುವ ನಿಯಮ ಮಾಡಿತ್ತು. ಈ ಎರಡು ಆಟಗಳಲ್ಲಿ ಧೈರ್ಯಕ್ಕೆ ಬೆಲೆಯೂ ಪ್ರತಿಫಲವೂ ನಿಗದಿಯಾಗಿರುವುದರಿಂದ, ಸ್ಟ್ರಾಟಜಿ ಗೇಮ್‌ಗಳಲ್ಲಿ ರಶ್ಶಿಗಿದ್ದ ಲೆಕ್ಕಾಚಾರ ಆ್ಯಕ್ಷನ್ ಗೇಮ್‌ಗಳಿಗೂ ಬಂದಿತು. ಕೈ ಚುರುಕಾದಷ್ಟೂ ತಲೆಗೆ ಕೆಲಸ ಕಡಿಮೆ ಎಂಬ ನಂಬಿಕೆಯನ್ನು ಅವು ಸುಳ್ಳು ಮಾಡಿವೆ.

ಕನ್ನಡದಲ್ಲಿ ಈ ಅರ್ಥಕ್ಕೆ ಹತ್ತಿರದ ಪದ ‘ಲಗ್ಗೆ’. ಕೋಟೆಯ ಮೇಲೆ ಏರಿಹೋಗುವ ದಾಳಿಗೆ ಬಳಕೆಯಾಗುತ್ತಿದ್ದ ಈ ಪದ ಇಂದು ಹೆಚ್ಚಾಗಿ ಹೊಸ ಮೊಬೈಲು ‘ಮಾರುಕಟ್ಟೆಗೆ ಲಗ್ಗೆ ಇಟ್ಟಿತು’ ಎಂಬ ಪತ್ರಿಕಾ ವಾಕ್ಯಗಳಲ್ಲಿ ಉಳಿದಿದೆ. ಅದರ ಪಕ್ಕದ ‘ಮುತ್ತಿಗೆ’ ಕಾಯುವ ದಾಳಿ, ಸುತ್ತುವರಿದು ಹಸಿವಿನಿಂದ ಗೆಲ್ಲುವ ಕ್ರಮ. ಲಗ್ಗೆ ಕಾಯದ ದಾಳಿ. ಆಟಗಾರರು ರಶ್ ಎಂದೇ ಹೇಳಲಿ, ಲಗ್ಗೆ ಎಂದೇ ಹೇಳಲಿ, ಉಳಿಸಿಕೊಳ್ಳಬೇಕಾದದ್ದು ಈ ಭೇದವನ್ನು, ಎಂದರೆ ಕಾಯುವುದು ಮತ್ತು ಕಾಯದಿರುವುದು ಎರಡೂ ಬುದ್ಧಿಯ ಆಯ್ಕೆಗಳೆಂಬ ತಿಳಿವಳಿಕೆಯನ್ನು.

ಆದ್ದರಿಂದ ಮೂರನೆಯ ನಿಮಿಷದಲ್ಲಿ ಸೋತ ಆಟಗಾರನು ‘ನೋ ರಶ್’ ಕೋಣೆಯನ್ನು ಹುಡುಕುವ ಮೊದಲು, ಮುಗಿದ ಪಂದ್ಯವನ್ನು ಮರಳಿ ತೋರಿಸುವ ರೀಪ್ಲೇಯನ್ನು ಒಮ್ಮೆ ನೋಡಲಿ. ಬೇಹಿನವನನ್ನು ಯಾವಾಗ ಕಳುಹಿಸಬಹುದಿತ್ತು, ಒಂದು ಗೋಡೆಯನ್ನು ಎಲ್ಲಿ ಕಟ್ಟಬಹುದಿತ್ತು ಎಂಬುದು ಅದರಲ್ಲಿ ಕಾಣುತ್ತದೆ. ರಶ್ಶನ್ನು ತಡೆಯಲು ಕಲಿತವನಿಗೆ ಮಾತ್ರ ದೀರ್ಘ ಆಟವನ್ನು ಆಡುವ ಹಕ್ಕು ದೊರೆಯುತ್ತದೆ. ಆ ಹಕ್ಕನ್ನು ನಿಷೇಧದಿಂದ ಪಡೆಯಲಾಗದು, ಆಡಿಯೇ ಗಳಿಸಬೇಕು.